ಲಿಂಕನ್ ಅವರಿಗೆ ಕೆಂಟಕಿ ಏಕೆ ಅಷ್ಟು ಮುಖ್ಯವಾಗಿತ್ತು?

ಪ್ರಶ್ನೆ: ನಾನು ಬಿ.ಎ. ಇತಿಹಾಸದ ವಿದ್ಯಾರ್ಥಿನಿ. ಅಮೆರಿಕದ ಅಂತರ್ಯುದ್ಧದ ಪಾಠದಲ್ಲಿ ‘ಗುಲಾಮಗಿರಿ ಇದ್ದರೂ ನಾಲ್ಕು ಗಡಿ ರಾಜ್ಯಗಳು ಒಕ್ಕೂಟದಲ್ಲೇ ಉಳಿದವು, ಇದರಿಂದ ಉತ್ತರಕ್ಕೆ ಅನುಕೂಲವಾಯಿತು’ ಎಂಬ ಒಂದೇ ವಾಕ್ಯವಿದೆ. ಆ ಅನುಕೂಲ ಏನು? ಜನ, ಹಣ, ಕಾರ್ಖಾನೆ ಎಲ್ಲವೂ ಉತ್ತರದಲ್ಲೇ ಹೆಚ್ಚಾಗಿದ್ದಾಗ ಈ ನಾಲ್ಕು ರಾಜ್ಯಗಳಿಗಾಗಿ ಲಿಂಕನ್ ಅಷ್ಟೊಂದು ಚಿಂತೆ ಮಾಡಿದ್ದೇಕೆ? ಗುಲಾಮಗಿರಿಯನ್ನು ವಿರೋಧಿಸಿದವರೇ ವಿಮೋಚನಾ ಘೋಷಣೆಯಿಂದ ಈ ರಾಜ್ಯಗಳನ್ನು ಹೊರಗಿಟ್ಟದ್ದು ಸರಿಯೇ?
– ಓದುಗರೊಬ್ಬರು, ಗದಗ

ಉತ್ತರ: ನಿಮ್ಮ ಪಠ್ಯಪುಸ್ತಕದ ಆ ಒಂದು ವಾಕ್ಯದ ಹಿಂದೆ ಯುದ್ಧದ ಮೊದಲ ವರ್ಷದ ಅರ್ಧ ಕಥೆ ಅಡಗಿದೆ. ಮೂರು ಪ್ರಶ್ನೆಗಳಲ್ಲಿ ಕೊನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಮೊದಲೆರಡು ಬಿಡಿಸಿದ ಮೇಲಷ್ಟೇ ಅದಕ್ಕೆ ನ್ಯಾಯ ಸಲ್ಲಿಸಲು ಸಾಧ್ಯ. ಓದುವಾಗ ನಕ್ಷೆಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ ನದಿಗಳನ್ನು ಗುರುತಿಸಿದ್ದರೆ ಇನ್ನೂ ಒಳ್ಳೆಯದು.

ಅಮೆರಿಕದಲ್ಲಿ ಆಗ ಗುಲಾಮಗಿರಿ ಇದ್ದ ರಾಜ್ಯಗಳು 15. ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಗೆದ್ದ ಸುದ್ದಿ ತಿಳಿದ ಮೇಲೆ, 1860ರ ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟ ಬಿಟ್ಟಿತು. ಫೆಬ್ರವರಿ ಆರಂಭದ ಹೊತ್ತಿಗೆ ಹಾಗೆ ಹೊರಟವು ಏಳಾದವು. ಉಳಿದ ಎಂಟು ಕಾದು ನೋಡುತ್ತಿದ್ದವು. 1861ರ ಏಪ್ರಿಲ್ 12ರಂದು ದಕ್ಷಿಣ ಕೆರೊಲಿನಾದಲ್ಲಿ ಒಕ್ಕೂಟದ ಸೈನಿಕರಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡು ಹಾರಿಸಿದರು, ಏಪ್ರಿಲ್ 15ರಂದು ಲಿಂಕನ್ 75,000 ಸ್ವಯಂಸೈನಿಕರಿಗೆ ಕರೆ ಕೊಟ್ಟರು. ಸೋದರ ರಾಜ್ಯಗಳ ಮೇಲೆ ದಂಡೆತ್ತಿ ಹೋಗಲು ಒಪ್ಪದ ವರ್ಜೀನಿಯಾ, ಅರ್ಕನ್ಸಾ, ಟೆನೆಸೀ, ಉತ್ತರ ಕೆರೊಲಿನಾ ಆಗ ಹೊರನಡೆದವು. ಒಳಗೆ ಉಳಿದವು ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ ಮತ್ತು ಮಿಸೌರಿ. ಇವೇ ಗಡಿ ರಾಜ್ಯಗಳು.

ಈಗ ಲೆಕ್ಕ ನೋಡಿ. ಹೊರಟುಹೋದ 11 ರಾಜ್ಯಗಳಲ್ಲಿ ಸುಮಾರು 90 ಲಕ್ಷ ಜನರಿದ್ದರು. ಅವರಲ್ಲಿ 35 ಲಕ್ಷ ಮಂದಿ ಗುಲಾಮರು. ದಕ್ಷಿಣವು ಸೈನಿಕರನ್ನು ಆರಿಸಿಕೊಳ್ಳಬೇಕಾದದ್ದು ಉಳಿದ 55 ಲಕ್ಷ ಬಿಳಿಯರಿಂದ ಮಾತ್ರ. ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್ ಮೂರರಲ್ಲೇ 25 ಲಕ್ಷ ಬಿಳಿಯರಿದ್ದರು. ಅಂದರೆ ಈ ಮೂರು ಕೈತಪ್ಪಿದ್ದರೆ ದಕ್ಷಿಣದ ಸೈನ್ಯಬಲಕ್ಕೆ ಶೇ 45ರಷ್ಟು, ಕಾರ್ಖಾನೆಗಳ ಸಾಮರ್ಥ್ಯಕ್ಕೆ ಸುಮಾರು ಶೇ 80ರಷ್ಟು, ಕುದುರೆ ಹೇಸರಗತ್ತೆಗಳ ಸಂಖ್ಯೆಗೆ ಶೇ 40ರ ಹತ್ತಿರ ಸೇರ್ಪಡೆಯಾಗುತ್ತಿತ್ತು. ಫಿರಂಗಿಯನ್ನೂ ಹಿಟ್ಟಿನ ಚೀಲವನ್ನೂ ಎಳೆಯುತ್ತಿದ್ದುದು ಹೇಸರಗತ್ತೆಗಳೇ, ಆದ್ದರಿಂದ ಈ ಕೊನೆಯ ಅಂಶವನ್ನು ಹಗುರವಾಗಿ ಎಣಿಸಬೇಡಿ. ದಕ್ಷಿಣಕ್ಕೆ ಕೂಡಿದ್ದಷ್ಟೂ ಉತ್ತರದ ಲೆಕ್ಕದಿಂದ ಕಳೆಯುತ್ತಿತ್ತು. ಉತ್ತರಕ್ಕೆ ಎಲ್ಲವೂ ಹೆಚ್ಚಾಗಿತ್ತು ಎಂದು ನೀವು ಓದಿರುವ ಅಂಕಿಗಳು ಈ ರಾಜ್ಯಗಳು ಉಳಿದುಕೊಂಡ ಮೇಲಿನವು.

ಆದರೂ ಜನಸಂಖ್ಯೆಗಿಂತ ಭೂಗೋಳವೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಮೇರಿಲ್ಯಾಂಡನ್ನೇ ತೆಗೆದುಕೊಳ್ಳಿ. ರಾಜಧಾನಿ ವಾಷಿಂಗ್ಟನ್ನಿನ ಮೂರು ದಿಕ್ಕಿಗೆ ಮೇರಿಲ್ಯಾಂಡ್, ನಾಲ್ಕನೆಯ ದಿಕ್ಕಿಗೆ ಪೊಟೊಮ್ಯಾಕ್ ನದಿ, ನದಿಯ ಆಚೆ ದಂಗೆಯೆದ್ದ ವರ್ಜೀನಿಯಾ. ಉತ್ತರದಿಂದ ವಾಷಿಂಗ್ಟನ್ನಿಗೆ ಬರುತ್ತಿದ್ದ ರೈಲುದಾರಿ ಒಂದೇ, ಅದೂ ಬಾಲ್ಟಿಮೋರ್ ನಗರದ ಮೂಲಕ. ಮೇರಿಲ್ಯಾಂಡ್ ಹೋಗಿದ್ದರೆ ಸರ್ಕಾರವೇ ಶತ್ರುನೆಲದ ನಡುವೆ ಸೆರೆಯಾಗುತ್ತಿತ್ತು.

ಅದು ಎಷ್ಟು ಹತ್ತಿರ ಬಂದಿತ್ತು ಎಂಬುದಕ್ಕೆ 1861ರ ಏಪ್ರಿಲ್ 19 ಸಾಕ್ಷಿ. ಆ ದಿನ ಮ್ಯಾಸಚೂಸೆಟ್ಸ್‌ನ ಆರನೇ ರೆಜಿಮೆಂಟ್ ಬಾಲ್ಟಿಮೋರ್‌ಗೆ ಬಂದಿಳಿಯಿತು. ನಗರದೊಳಗೆ ಇಂಜಿನ್ ಓಡಿಸುವಂತಿರಲಿಲ್ಲ. ಡಬ್ಬಿಗಳನ್ನು ಬಿಚ್ಚಿ, ಒಂದೊಂದನ್ನೂ ಕುದುರೆಗಳಿಂದ ಎಳೆಸಿ, ಪ್ರ್ಯಾಟ್ ಬೀದಿಯ ಹಳಿಗಳ ಮೇಲೆ ಇನ್ನೊಂದು ನಿಲ್ದಾಣಕ್ಕೆ ಒಯ್ಯಬೇಕಿತ್ತು. ಮೊದಲ ಕೆಲವು ಡಬ್ಬಿಗಳು ದಾಟಿದವು. ಅಷ್ಟರಲ್ಲಿ ಗುಂಪು ಕೂಡಿತು. ಹಳಿಯ ಮೇಲೆ ಮರಳು ಸುರಿದರು, ಬಂದರುಕಟ್ಟೆಯಿಂದ ಹಡಗಿನ ಲಂಗರುಗಳನ್ನು ಎಳೆತಂದು ಅಡ್ಡ ಹಾಕಿದರು. ಹಿಂದುಳಿದ ತುಕಡಿಗಳು ಕಾಲ್ನಡಿಗೆಯಲ್ಲಿ ಹೊರಟಾಗ ಕಲ್ಲು ಬಿತ್ತು, ಗುಂಡೂ ಹಾರಿತು, ಸೈನಿಕರೂ ತಿರುಗಿ ಹಾರಿಸಿದರು. ನಾಲ್ವರು ಸೈನಿಕರು, ಹನ್ನೆರಡು ನಾಗರಿಕರು ಸತ್ತರು. ಬಳಿಕ ನಗರದ ಉತ್ತರದ ರೈಲು ಸೇತುವೆಗಳನ್ನು ಸುಟ್ಟರು, ತಂತಿಯೂ ಕಡಿಯಿತು. ಕೆಲವು ದಿನ ವಾಷಿಂಗ್ಟನ್ ಹೊರಲೋಕದ ಸಂಪರ್ಕವಿಲ್ಲದೆ ಕುಳಿತಿತ್ತು.

ನಮ್ಮ ನೆಲದ ಮೇಲೆ ಸೈನ್ಯ ಹಾಯಿಸಬೇಡಿ ಎಂದು ಬಾಲ್ಟಿಮೋರ್‌ನ ನಿಯೋಗವೊಂದು ಲಿಂಕನ್ ಬಳಿ ಹೋಯಿತು. ನಮ್ಮ ಸೈನಿಕರು ನೆಲದಡಿ ಬಿಲ ಕೊರೆಯುವ ಪ್ರಾಣಿಗಳೂ ಅಲ್ಲ, ಆಕಾಶದಲ್ಲಿ ಹಾರುವ ಹಕ್ಕಿಗಳೂ ಅಲ್ಲ, ನಡೆದು ದಾಟುವುದೊಂದೇ ದಾರಿ ಎಂದು ಅವರು ಉತ್ತರಿಸಿದರು. ಅಷ್ಟಾದರೂ ನಗರವನ್ನು ತಕ್ಷಣ ಕೆಣಕಲಿಲ್ಲ. ಬೆಂಜಮಿನ್ ಬಟ್ಲರ್ ಎಂಬ ಜನರಲ್ ಸೈನಿಕರನ್ನು ಹಡಗಿನಲ್ಲಿ ಅನಾಪೊಲಿಸ್‌ಗೆ ಇಳಿಸಿ, ಅಲ್ಲಿಂದ ಕಿತ್ತುಹಾಕಿದ್ದ ಹಳಿಗಳನ್ನು ಮತ್ತೆ ಜೋಡಿಸಿಕೊಂಡು ಮುಂದುವರಿದರು. ಅಲ್ಲಿ ಕೆಡಿಸಿ ನಿಲ್ಲಿಸಿದ್ದ ಒಂದು ಇಂಜಿನ್ ಇತ್ತು. ಮ್ಯಾಸಚೂಸೆಟ್ಸ್‌ನ ಸೈನಿಕನೊಬ್ಬ ಅದನ್ನು ನೋಡಿ, ಇದು ನಮ್ಮ ಕಾರ್ಖಾನೆಯಲ್ಲೇ ತಯಾರಾದದ್ದು ಎಂದು ಗುರುತಿಸಿ ರಿಪೇರಿ ಮಾಡಿದ. ಏಪ್ರಿಲ್ 25ರಂದು ನ್ಯೂಯಾರ್ಕ್‌ನ ಏಳನೇ ರೆಜಿಮೆಂಟ್ ರಾಜಧಾನಿ ತಲುಪಿತು. ಕಾರ್ಖಾನೆಯಲ್ಲಿ ದುಡಿದ ಕೈಗಳು ಸಮವಸ್ತ್ರ ತೊಟ್ಟು ಬಂದದ್ದು ಉತ್ತರದ ನಿಜವಾದ ಬಲ.

ಮುಂದಿನ ಕ್ರಮಗಳು ಇಷ್ಟು ಸೌಮ್ಯವಾಗಿರಲಿಲ್ಲ. ಏಪ್ರಿಲ್ 27ರಂದು ಫಿಲಡೆಲ್ಫಿಯಾ-ವಾಷಿಂಗ್ಟನ್ ಮಾರ್ಗದ ಉದ್ದಕ್ಕೂ ಹೇಬಿಯಸ್ ಕಾರ್ಪಸ್ ಹಕ್ಕನ್ನು (ಬಂಧಿತರನ್ನು ನ್ಯಾಯಾಲಯದ ಮುಂದೆ ತರಬೇಕೆಂದು ಕೇಳುವ ಹಕ್ಕು) ಅಮಾನತಿನಲ್ಲಿಡುವ ಅಧಿಕಾರವನ್ನು ಲಿಂಕನ್ ಸೇನೆಗೆ ಕೊಟ್ಟರು. ಮೇ ತಿಂಗಳಲ್ಲಿ ಜಾನ್ ಮೆರಿಮನ್ ಎಂಬುವರನ್ನು ಬಂಧಿಸಿದಾಗ, ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಈ ಅಧಿಕಾರ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗಷ್ಟೇ ಇದೆ ಎಂದು ತೀರ್ಪಿತ್ತರು. ಟೇನಿ ಸ್ವತಃ ಮೇರಿಲ್ಯಾಂಡಿನವರು. ಲಿಂಕನ್ ಆ ತೀರ್ಪನ್ನು ಪಾಲಿಸಲಿಲ್ಲ. ಒಂದು ಕಾನೂನು ಮುರಿಯಬಾರದೆಂದು ಉಳಿದೆಲ್ಲ ಕಾನೂನುಗಳೂ ಸರ್ಕಾರವೂ ಕುಸಿಯಲು ಬಿಡಬೇಕೇ ಎಂದು ಜುಲೈ 4ರ ಸಂದೇಶದಲ್ಲಿ ಕೇಳಿದರು. ಏಪ್ರಿಲ್‌ನ ಆ ವಾರದ ಮಟ್ಟಿಗೆ ನನಗೆ ಈ ವಾದ ಒಪ್ಪಿಗೆ. ಸೆಪ್ಟೆಂಬರ್‌ನಲ್ಲಿ ಮೇರಿಲ್ಯಾಂಡ್ ಶಾಸನಸಭೆಯ ಸದಸ್ಯರನ್ನೇ ಹಿಡಿದು ಕೋಟೆಗೆ ತಳ್ಳಿದ್ದನ್ನು ಮಾತ್ರ ಒಪ್ಪಲಾರೆ. ಅದೇ ಸಭೆಯ ಕೆಳಮನೆ ಏಪ್ರಿಲ್ ಕೊನೆಯಲ್ಲೇ 53-13 ಮತಗಳಿಂದ ಪ್ರತ್ಯೇಕತೆಯನ್ನು ತಿರಸ್ಕರಿಸಿತ್ತು. ಅಷ್ಟು ಹೊತ್ತಿಗೆ ಫಿರಂಗಿಗಳೂ ಬಾಲ್ಟಿಮೋರ್‌ನ ಗುಡ್ಡವೇರಿ ಕುಳಿತಿದ್ದವು, ಅಪಾಯ ಇಳಿದಿತ್ತು.

ಕೆಂಟಕಿಯಲ್ಲಿ ಇದೇ ಲಿಂಕನ್ ನಡೆದುಕೊಂಡ ರೀತಿಯೇ ಬೇರೆ. ಆ ರಾಜ್ಯದ ಉತ್ತರದ ಅಂಚಿನುದ್ದಕ್ಕೂ ಒಹಾಯೊ ನದಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹರಿಯುತ್ತದೆ. ನದಿಯ ಆಚೆ ಇಲಿನಾಯ್, ಇಂಡಿಯಾನಾ, ಒಹಾಯೊ. ಕೆಂಟಕಿ ದಕ್ಷಿಣಕ್ಕೆ ಸೇರಿದರೆ ಈ ದೊಡ್ಡ ನದಿಯೇ ದಕ್ಷಿಣದ ಕೋಟೆಯ ಕಂದಕವಾಗುತ್ತಿತ್ತು, ಸಿನ್ಸಿನಾಟಿಯಂಥ ನಗರಗಳು ಫಿರಂಗಿಯ ಗುರಿಯೊಳಗೆ ಬರುತ್ತಿದ್ದವು. ಕೆಂಟಕಿ ಉತ್ತರದ ಬಳಿ ಇದ್ದರೆ ಗಡಿ ಟೆನೆಸೀಯವರೆಗೆ ಕೆಳಗಿಳಿಯುತ್ತದೆ, ಅಲ್ಲಿ ಅಂಥ ಯಾವ ನೈಸರ್ಗಿಕ ತಡೆಯೂ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಟೆನೆಸೀ ನದಿ ಮತ್ತು ಕಂಬರ್‌ಲ್ಯಾಂಡ್ ನದಿ ಎರಡೂ ದಕ್ಷಿಣದ ಒಡಲಿನಿಂದ ಉತ್ತರಕ್ಕೆ ಹರಿದು, ಕೆಂಟಕಿಯ ಪಡೂಕಾ ಮತ್ತು ಸ್ಮಿತ್‌ಲ್ಯಾಂಡ್ ಪಟ್ಟಣಗಳ ಬಳಿ ಒಹಾಯೊ ನದಿಗೆ ಸೇರುತ್ತವೆ. ರೈಲುಹಳಿಯನ್ನು ಒಂದು ರಾತ್ರಿಯಲ್ಲಿ ಕೀಳಬಹುದು, ನದಿಯನ್ನು ಕೀಳಲು ಯಾರಿಂದಲೂ ಆಗದು. ಆ ಎರಡು ಪಟ್ಟಣಗಳು ಯಾರ ಕೈಯಲ್ಲಿವೆಯೋ ಅವರ ಹಡಗುಗಳು ಟೆನೆಸೀಯ ನಡುಭಾಗಕ್ಕೆ, ಅಲಬಾಮದ ಅಂಚಿಗೆ ತೇಲಿಹೋಗಬಲ್ಲವು.

ಆದರೆ ಕೆಂಟಕಿಯ ಮನಸ್ಸು ಎರಡಾಗಿತ್ತು. ಲಿಂಕನ್ ಹುಟ್ಟಿದ್ದು ಅಲ್ಲೇ, ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಹುಟ್ಟಿದ್ದೂ ಅಲ್ಲೇ. ರಾಜಿಗಾಗಿ ಕೊನೆಯವರೆಗೂ ಹೆಣಗಿದ ಹಿರಿಯ ಸೆನೆಟರ್ ಜಾನ್ ಕ್ರಿಟೆಂಡನ್ ಅವರ ಒಬ್ಬ ಮಗ ಉತ್ತರದ ಸೇನೆಯಲ್ಲಿ ಜನರಲ್, ಇನ್ನೊಬ್ಬ ದಕ್ಷಿಣದ ಸೇನೆಯಲ್ಲಿ ಜನರಲ್. ಲಿಂಕನ್ ಪತ್ನಿಯ ತವರೂ ಅಲ್ಲಿನ ಲೆಕ್ಸಿಂಗ್ಟನ್. ಆಕೆಯ ತಂಗಿಯ ಗಂಡ ಬೆಂಜಮಿನ್ ಹೆಲ್ಮ್ 1863ರಲ್ಲಿ ದಕ್ಷಿಣದ ಪರ ಹೋರಾಡುತ್ತಲೇ ಚಿಕಮಾಗಾ ಕದನದಲ್ಲಿ ಮಡಿದರು. ಗವರ್ನರ್ ಬೆರಾಯ ಮಗೊಫಿನ್ ಸೈನಿಕರನ್ನು ಕಳಿಸಲು ಖಡಾಖಂಡಿತವಾಗಿ ನಿರಾಕರಿಸಿ, 1861ರ ಮೇ 20ರಂದು ರಾಜ್ಯವು ತಟಸ್ಥ ಎಂದು ಘೋಷಿಸಿದರು.

ಒಂದು ದೇಶದೊಳಗಿನ ರಾಜ್ಯ ಆ ದೇಶದ ಯುದ್ಧದಲ್ಲಿ ತಟಸ್ಥವಾಗಿರಲು ಸಂವಿಧಾನದಲ್ಲಿ ಅವಕಾಶವಿಲ್ಲ. ಲಿಂಕನ್ ಅವರಿಗೂ ಇದು ಚೆನ್ನಾಗಿ ಗೊತ್ತಿತ್ತು. ಆದರೂ ತಟಸ್ಥತೆಯನ್ನು ಮುರಿಯಲು ಹೋಗಲಿಲ್ಲ. ಲೂಯಿವಿಲ್‌ನಿಂದ ನ್ಯಾಷ್‌ವಿಲ್‌ಗೆ ಹೋಗುವ ರೈಲಿನಲ್ಲಿ ಧಾನ್ಯ, ಮಾಂಸ, ಚರ್ಮ ವಾರಗಟ್ಟಲೆ ದಕ್ಷಿಣಕ್ಕೆ ಸಾಗುತ್ತಿದ್ದರೂ ಕಂಡೂ ಕಾಣದಂತೆ ಇದ್ದರು. ಪತ್ರಿಕೆಗಳು ಹೀಯಾಳಿಸಿದವು. ಅತ್ತ ಒಳಗೊಳಗೇ ಒಕ್ಕೂಟದ ನಿಷ್ಠರಿಗೆ ಬಂದೂಕುಗಳು ಗುಟ್ಟಾಗಿ ತಲುಪುತ್ತಿದ್ದವು. ಜೂನ್‌ನಲ್ಲಿ ನಡೆದ ಕಾಂಗ್ರೆಸ್ ಚುನಾವಣೆಯಲ್ಲಿ ಕೆಂಟಕಿಯ ಹತ್ತು ಸ್ಥಾನಗಳ ಪೈಕಿ ಒಂಬತ್ತು ಒಕ್ಕೂಟವಾದಿಗಳಿಗೆ ಬಂದವು. ಆಗಸ್ಟ್‌ನಲ್ಲಿ ಶಾಸನಸಭೆಯ ಎರಡೂ ಮನೆಗಳಲ್ಲಿ ಅವರಿಗೆ ಮೂರನೇ ಎರಡಕ್ಕಿಂತ ಹೆಚ್ಚಿನ ಬಹುಮತ ಸಿಕ್ಕಿತು. ಗವರ್ನರ್ ವೀಟೊ ಹಾಕಿದರೂ ಅದನ್ನು ತಳ್ಳಿಹಾಕುವಷ್ಟು ಬಲ. 1861ರಲ್ಲಿ ಲಿಂಕನ್ ತೆಗೆದುಕೊಂಡ ತೀರ್ಮಾನಗಳಲ್ಲೆಲ್ಲ ಈ ಕಾಯುವಿಕೆಯೇ ಶ್ರೇಷ್ಠ ಎಂದು ನಾನು ನಂಬಿದ್ದೇನೆ.

ಆ ತಟಸ್ಥತೆಯಿಂದ ಹೆಚ್ಚು ಲಾಭವಾಗುತ್ತಿದ್ದುದು ದಕ್ಷಿಣಕ್ಕೆ. ಒಬ್ಬ ಸೈನಿಕನನ್ನೂ ನಿಲ್ಲಿಸದೆ ಟೆನೆಸೀಯ ಇಡೀ ಉತ್ತರ ಗಡಿಗೆ ಕಾವಲು ಸಿಕ್ಕಿತ್ತು. ಅದನ್ನು ಮುರಿದವರೂ ದಕ್ಷಿಣದವರೇ. ಜನರಲ್ ಲಿಯೊನಿಡಸ್ ಪೋಕ್, ಯುದ್ಧಕ್ಕೆ ಮೊದಲು ಅವರು ಚರ್ಚಿನ ಬಿಷಪ್ ಆಗಿದ್ದವರು, ಮಿಸಿಸಿಪಿ ದಂಡೆಯ ಎತ್ತರದ ಕೊಲಂಬಸ್ ಪಟ್ಟಣವನ್ನು ಉತ್ತರದವರು ಹಿಡಿಯುವ ಮುನ್ನ ತಾವೇ ಹಿಡಿಯಬೇಕೆಂದು ಸೆಪ್ಟೆಂಬರ್ ಮೊದಲ ವಾರ ಸೈನ್ಯ ನುಗ್ಗಿಸಿದರು. ಅವರದೇ ಸರ್ಕಾರದ ಯುದ್ಧ ಕಾರ್ಯದರ್ಶಿ ಹಿಂದೆ ಸರಿಯಲು ಹೇಳಿದರು, ಡೇವಿಸ್ ಕೊನೆಗೆ ಪೋಕ್ ಮಾತನ್ನೇ ಒಪ್ಪಿದರು. ಕೊಲಂಬಸ್ಸಿನ ದಿಬ್ಬದ ಮೇಲೆ ಸಾಲುಸಾಲು ಫಿರಂಗಿ ಹೂಡಿ, ಹಡಗುಗಳನ್ನು ತಡೆಯಲು ನದಿಗೆ ಅಡ್ಡಲಾಗಿ ಭಾರಿ ಸರಪಳಿಯನ್ನೂ ಎಳೆದರು. ಆದರೆ ಪಡೂಕಾ ಖಾಲಿ ಉಳಿಯಿತು. ಒಹಾಯೊ ಮಿಸಿಸಿಪಿಗೆ ಸೇರುವ ಕೈರೊ ಪಟ್ಟಣದಲ್ಲಿದ್ದ ಯುಲಿಸಿಸ್ ಗ್ರಾಂಟ್, ಆಗಿನ್ನೂ ಹೆಸರಿಲ್ಲದ ಬ್ರಿಗೇಡಿಯರ್, ರಾತ್ರಿಯೇ ಸ್ಟೀಮರುಗಳಿಗೆ ಸೈನಿಕರನ್ನು ಹತ್ತಿಸಿ ಸೆಪ್ಟೆಂಬರ್ 6ರ ಬೆಳಗ್ಗೆ ಪಡೂಕಾದಲ್ಲಿ ಇಳಿದರು. ಗುಂಡು ಹಾರಲಿಲ್ಲ. ಶತ್ರುವಾಗಿ ಬಂದಿಲ್ಲ, ಸ್ನೇಹಿತನಾಗಿ, ಸಹನಾಗರಿಕನಾಗಿ ಬಂದಿದ್ದೇನೆ ಎಂದು ಊರಿನವರಿಗೆ ಪ್ರಕಟಣೆ ಹೊರಡಿಸಿದರು. ಶಾಸನಸಭೆ ದಕ್ಷಿಣದ ಸೈನ್ಯಕ್ಕೆ ಮಾತ್ರ ಹೊರಹೋಗಲು ಆಜ್ಞಾಪಿಸಿತು. ಮೊದಲು ಗಡಿ ಮುರಿದವರೆಂಬ ಹೆಸರು ದಕ್ಷಿಣಕ್ಕೇ ಅಂಟಿಕೊಂಡಿತು.

ಫಲಿತಾಂಶ ಬರಲು ಐದು ತಿಂಗಳು ಸಾಕಾಯಿತು. ಗ್ರಾಂಟ್ ಸೈನ್ಯ ಮತ್ತು ಕಬ್ಬಿಣದ ಕವಚದ ಹಡಗುಗಳು ಪಡೂಕಾದಿಂದ ಟೆನೆಸೀ ನದಿಯಲ್ಲಿ ಮೇಲಕ್ಕೆ ಸಾಗಿ 1862ರ ಫೆಬ್ರವರಿ 6ರಂದು ಹೆನ್ರಿ ಕೋಟೆಯನ್ನು, ಫೆಬ್ರವರಿ 16ರಂದು ಕಂಬರ್‌ಲ್ಯಾಂಡ್ ನದಿಯ ಡೊನೆಲ್ಸನ್ ಕೋಟೆಯನ್ನು ಹಿಡಿದವು. ಡೊನೆಲ್ಸನ್‌ನಲ್ಲಿ 12,000ಕ್ಕೂ ಹೆಚ್ಚು ಸೈನಿಕರು ಶರಣಾದರು. ತಿಂಗಳು ಮುಗಿಯುವ ಮೊದಲೇ ಟೆನೆಸೀಯ ರಾಜಧಾನಿ ನ್ಯಾಷ್‌ವಿಲ್ ಬಿತ್ತು. ಸರಪಳಿ ಬಿಗಿದು ಕಾಯುತ್ತಿದ್ದ ಕೊಲಂಬಸ್ಸನ್ನು ದಕ್ಷಿಣದವರು ಕದನವಿಲ್ಲದೆ ಬಿಟ್ಟುಹೋದರು.

ಇದರ ನಡುವೆ ಎಲ್ಲವೂ ಕೈಜಾರುವಂತಿದ್ದ ಒಂದು ಗಳಿಗೆಯಿತ್ತು, ಅದು ಬಂದದ್ದು ಮಿಸೌರಿಯಿಂದ. ಅಲ್ಲಿ ಸೇನಾಧಿಪತಿಯಾಗಿದ್ದ ಜಾನ್ ಫ್ರೀಮಾಂಟ್ 1861ರ ಆಗಸ್ಟ್ 30ರಂದು ಮಿಲಿಟರಿ ಕಾನೂನು ಹೇರಿ, ಬಂಡುಕೋರರ ಗುಲಾಮರೆಲ್ಲ ಸ್ವತಂತ್ರರು ಎಂದು ಸಾರಿದರು. ಉತ್ತರದ ಗುಲಾಮಗಿರಿ ವಿರೋಧಿಗಳು ಕುಣಿದಾಡಿದರು. ಕೆಂಟಕಿ ತತ್ತರಿಸಿತು. ಸುದ್ದಿ ಕೇಳಿ ಒಕ್ಕೂಟದ ಸ್ವಯಂಸೈನಿಕರ ಒಂದು ತುಕಡಿ ಆಯುಧ ಎಸೆದು ಚದುರಿತು ಎಂಬ ವರದಿ ಲಿಂಕನ್ ಕೈಸೇರಿತು. ಅವರು ಸೆಪ್ಟೆಂಬರ್ 11ರಂದು ಆ ಭಾಗವನ್ನು ರದ್ದುಪಡಿಸಿದರು. ಇದನ್ನು ಆಕ್ಷೇಪಿಸಿದ ಗೆಳೆಯ ಆರ್ವಿಲ್ ಬ್ರೌನಿಂಗ್ ಅವರಿಗೆ ಸೆಪ್ಟೆಂಬರ್ 22ರಂದು ಬರೆದ ಪತ್ರದಲ್ಲಿ ನೀವು ಕೇಳಿದ ಎರಡನೆಯ ಪ್ರಶ್ನೆಗೆ ಲಿಂಕನ್ ಅವರದೇ ಉತ್ತರವಿದೆ: ಕೆಂಟಕಿ ಕಳೆದುಕೊಂಡರೆ ಹೆಚ್ಚುಕಡಿಮೆ ಇಡೀ ಆಟವನ್ನೇ ಕಳೆದುಕೊಂಡಂತೆ, ಕೆಂಟಕಿ ಹೋದರೆ ಮಿಸೌರಿಯನ್ನು ಉಳಿಸಿಕೊಳ್ಳಲಾಗದು, ಮೇರಿಲ್ಯಾಂಡನ್ನೂ ಆಗದು, ಇವೆಲ್ಲ ನಮ್ಮ ವಿರುದ್ಧವಾದರೆ ಈ ಕೆಲಸ ನಮ್ಮ ಕೈಮೀರಿದ್ದು, ಈಗಲೇ ಪ್ರತ್ಯೇಕತೆಗೆ ಒಪ್ಪಿ ರಾಜಧಾನಿಯನ್ನೂ ಬಿಟ್ಟುಕೊಡುವುದು ಮೇಲು. ದೇವರು ನನ್ನ ಕಡೆ ಇರಲಿ ಎಂದು ಆಶಿಸುತ್ತೇನೆ, ಆದರೆ ಕೆಂಟಕಿ ಇರಲೇಬೇಕು ಎಂಬ ಮಾತನ್ನೂ ಲಿಂಕನ್ ಹೇಳಿದರೆಂದು ಎಲ್ಲೆಡೆ ಬರೆಯುತ್ತಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಪರೀಕ್ಷೆಯಲ್ಲಿ ಅದನ್ನು ಉಲ್ಲೇಖಿಸಬೇಡಿ. ಬ್ರೌನಿಂಗ್ ಪತ್ರ ಸಾಕು.

ಮಿಸೌರಿಯ ಕಥೆ ದುಃಖದ್ದು. ಮೂರು ಕಡೆ ಗುಲಾಮಗಿರಿ ಇಲ್ಲದ ನೆಲ, ಪೂರ್ವದಂಚಿಗೆ ಮಿಸಿಸಿಪಿ, ಪಶ್ಚಿಮದ ಬಯಲುಗಳಿಗೆ ಹೆಬ್ಬಾಗಿಲು. ಸೇಂಟ್ ಲೂಯಿಸ್‌ನಲ್ಲಿ ಸುಮಾರು 60,000 ಬಂದೂಕುಗಳಿದ್ದ ಶಸ್ತ್ರಾಗಾರ. 1861ರ ಮಾರ್ಚ್‌ನಲ್ಲಿ ಅಲ್ಲಿನ ವಿಶೇಷ ಅಧಿವೇಶನ 98-1 ಮತಗಳಿಂದ ಪ್ರತ್ಯೇಕತೆಯನ್ನು ತಿರಸ್ಕರಿಸಿತ್ತು. ಗವರ್ನರ್ ಕ್ಲೇಬರ್ನ್ ಜ್ಯಾಕ್ಸನ್ ಮಾತ್ರ ದಕ್ಷಿಣದ ಪರ. ಒಕ್ಕೂಟದ ಸೇನೆಯ ಕ್ಯಾಪ್ಟನ್ ನೆಥಾನಿಯಲ್ ಲಯನ್ ಹೆಚ್ಚುವರಿ ಬಂದೂಕುಗಳನ್ನು ರಾತ್ರೋರಾತ್ರಿ ಸ್ಟೀಮರಿನಲ್ಲಿ ಇಲಿನಾಯ್‌ಗೆ ಸಾಗಿಸಿಬಿಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೇ 10ರಂದು, ಬಹುಪಾಲು ಜರ್ಮನ್ ವಲಸಿಗರೇ ಇದ್ದ ಪಡೆಯೊಂದಿಗೆ ಊರಂಚಿನ ರಾಜ್ಯ ಸೇನೆಯ ಶಿಬಿರವನ್ನು ಸುತ್ತುವರಿದು, ಶರಣಾದವರನ್ನು ಬೀದಿಯಲ್ಲಿ ನಡೆಸಿಕೊಂಡು ಹೊರಟರು. ಗುಂಪು ಕಲ್ಲೆಸೆಯಿತು, ಸೈನಿಕರು ಗುಂಡು ಹಾರಿಸಿದರು, 28ರಷ್ಟು ಜನ ಸತ್ತರು. ಆಗ ಆ ಊರಿನ ಟ್ರಾಮ್ ಕಂಪನಿಯ ಅಧ್ಯಕ್ಷರಾಗಿದ್ದ, ಮುಂದೆ ಉತ್ತರದ ಹೆಸರಾಂತ ಜನರಲ್ ಆದ ವಿಲಿಯಂ ಷರ್ಮನ್ ಪುಟ್ಟ ಮಗನೊಂದಿಗೆ ಆ ಜನಸಂದಣಿಯಲ್ಲೇ ಇದ್ದರು. ಅಲ್ಲಿಯವರೆಗೆ ಹಿಂದೇಟು ಹಾಕುತ್ತಿದ್ದ ಶಾಸನಸಭೆ ಅಂದೇ ರಾತ್ರಿ ಗವರ್ನರ್‌ಗೆ ಯುದ್ಧದ ಅಧಿಕಾರ ಕೊಟ್ಟಿತು. ಜೂನ್ 11ರಂದು ಹೋಟೆಲೊಂದರಲ್ಲಿ ಸಂಧಾನ ಮುರಿದುಬಿದ್ದಾಗ ಲಯನ್ ‘ಇದರ ಅರ್ಥ ಯುದ್ಧ’ ಎಂದು ಹೇಳಿ ಎದ್ದುನಡೆದರು. ಆಗಸ್ಟ್ 10ರಂದು ವಿಲ್ಸನ್ಸ್ ಕ್ರೀಕ್ ಕದನದಲ್ಲಿ ಅವರೇ ಸತ್ತರು.

ಶಸ್ತ್ರಾಗಾರವೂ ನದಿಯೂ ಉತ್ತರಕ್ಕೆ ಉಳಿದವು, ಇದನ್ನು ಲಯನ್ ಅವರ ಸಾಧನೆ ಎನ್ನುವವರಿದ್ದಾರೆ. ಸೇಂಟ್ ಲೂಯಿಸ್ ಬಳಿಯ ಕ್ಯಾರೊಂಡಲೆಟ್‌ನಲ್ಲಿ ಜೇಮ್ಸ್ ಈಡ್ಸ್ ಕಟ್ಟಿಸಿದ ಕವಚದ ಹಡಗುಗಳೇ ಗ್ರಾಂಟ್ ಜೊತೆ ಹೆನ್ರಿ ಕೋಟೆಗೆ ಹೋದವು ಎಂಬುದೂ ನಿಜ. ಆದರೆ ಆ ಅವಸರ ರಾಜ್ಯವನ್ನು ಸೀಳಿತು. ನಾಲ್ಕು ವರ್ಷ ನೆರೆಮನೆಯವರು ನೆರೆಮನೆಯವರನ್ನು ಕೊಂದರು. 1863ರ ಆಗಸ್ಟ್ 21ರಂದು ದಕ್ಷಿಣದ ಪರ ಗೆರಿಲ್ಲಾ ನಾಯಕ ವಿಲಿಯಂ ಕ್ವಾಂಟ್ರಿಲ್ ಅವರ ತಂಡ ಕ್ಯಾನ್ಸಸ್‌ನ ಲಾರೆನ್ಸ್ ಪಟ್ಟಣಕ್ಕೆ ನುಗ್ಗಿ ಸುಮಾರು 150 ಗಂಡಸರನ್ನೂ ಹುಡುಗರನ್ನೂ ಕೊಂದಿತು. ನಾಲ್ಕು ದಿನಗಳ ಬಳಿಕ ಒಕ್ಕೂಟದ ಜನರಲ್ ಥಾಮಸ್ ಯುಯಿಂಗ್ ಗಡಿಯ ಕೌಂಟಿಗಳ ಗ್ರಾಮೀಣ ಜನರನ್ನೆಲ್ಲ ಹದಿನೈದು ದಿನಗಳಲ್ಲಿ ಹೊರಡಿಸುವ ಆಜ್ಞೆ ಮಾಡಿದರು. ಸಾವಿರಾರು ಸಂಸಾರಗಳು ಬೀದಿಪಾಲಾದವು, ಮನೆಗಳು ಸುಟ್ಟುಹೋದವು. ಗಡಿ ರಾಜ್ಯವನ್ನು ಹಿಡಿಯುವುದು ಬೇರೆ, ಅಲ್ಲಿನ ಜನರನ್ನು ಉಳಿಸಿಕೊಳ್ಳುವುದು ಬೇರೆ. ಕೆಂಟಕಿಯನ್ನೂ ಮಿಸೌರಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಅರಿವಾಗುತ್ತದೆ.

ಡೆಲವೇರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಗುಲಾಮರು 1,798 ಮಂದಿ ಮಾತ್ರ, ಹೊರಹೋಗುವ ಯೋಚನೆಯೇ ಗಟ್ಟಿಯಾಗಿ ಏಳಲಿಲ್ಲ. ಆದರೆ ಉತ್ತರದ ಸಿಡಿಮದ್ದಿನ ದೊಡ್ಡ ಪಾಲು ತಯಾರಾಗುತ್ತಿದ್ದುದು ಅಲ್ಲಿ, ವಿಲ್ಮಿಂಗ್ಟನ್ ಬಳಿಯ ಡ್ಯೂಪಾಂಟ್ ಗಿರಣಿಗಳಲ್ಲಿ. ಅದಕ್ಕೆ ಬೇಕಾದ ಪೆಟ್ಲುಪ್ಪು ಬಹುತೇಕ ಭಾರತದ್ದೇ, ಬ್ರಿಟನ್ ಮೂಲಕ ಬರುತ್ತಿತ್ತು. ವರ್ಜೀನಿಯಾದ ಪಶ್ಚಿಮದ ಬೆಟ್ಟಸೀಮೆ, ಗುಲಾಮರು ಕಡಿಮೆ ಇದ್ದ ಕೌಂಟಿಗಳು, ತಮ್ಮ ರಾಜ್ಯದಿಂದಲೇ ಬೇರೆಯಾಗಿ 1863ರ ಜೂನ್ 20ರಂದು ಪಶ್ಚಿಮ ವರ್ಜೀನಿಯಾ ಎಂಬ ಹೊಸ ರಾಜ್ಯವಾದವು. ಕೆಲವು ಪುಸ್ತಕಗಳು ಇದನ್ನು ಐದನೆಯ ಗಡಿ ರಾಜ್ಯವೆಂದು ಎಣಿಸುತ್ತವೆ. ಪೂರ್ವ-ಪಶ್ಚಿಮವನ್ನು ಜೋಡಿಸುವ ಬಾಲ್ಟಿಮೋರ್-ಒಹಾಯೊ ರೈಲುಮಾರ್ಗ ಅಲ್ಲಿ ಹಾಯುತ್ತಿದ್ದುದರಿಂದ ಅದರ ಬೆಲೆ ದೊಡ್ಡದು.

ದಕ್ಷಿಣ ಈ ರಾಜ್ಯಗಳ ಆಸೆಯನ್ನು ಬೇಗ ಬಿಡಲಿಲ್ಲ. ತನ್ನ ಧ್ವಜದ 13 ನಕ್ಷತ್ರಗಳಲ್ಲಿ ಕೆಂಟಕಿಗೂ ಮಿಸೌರಿಗೂ ಒಂದೊಂದು ಕೊಟ್ಟಿತ್ತು. 1862ರ ಶರತ್ಕಾಲದಲ್ಲಿ ಎರಡು ಸೈನ್ಯಗಳು ಒಟ್ಟಿಗೇ ಉತ್ತರಕ್ಕೆ ಹೊರಟವು. ರಾಬರ್ಟ್ ಲೀ ಮೇರಿಲ್ಯಾಂಡ್ ಹೊಕ್ಕು, ನಿಮ್ಮನ್ನು ಬಿಡಿಸಲು ಬಂದಿದ್ದೇವೆ ಎಂದು ಸೆಪ್ಟೆಂಬರ್ 8ರಂದು ಪ್ರಕಟಣೆ ಹೊರಡಿಸಿದರು. ಆದರೆ ಅವರು ಬಂದಿಳಿದದ್ದು ಸಣ್ಣ ರೈತರ ಪಶ್ಚಿಮ ಮೇರಿಲ್ಯಾಂಡಿಗೆ, ಅಲ್ಲಿಯವರು ಕಿಟಕಿ ಮುಚ್ಚಿಕೊಂಡರು. ಬ್ರ್ಯಾಕ್ಸ್ಟನ್ ಬ್ರ್ಯಾಗ್ ಕೆಂಟಕಿಯ ಹೊಸ ಸೈನಿಕರಿಗೆಂದು ಸಾವಿರಾರು ಬಂದೂಕುಗಳನ್ನು ಗಾಡಿಗಳಲ್ಲಿ ತಂದರು. ತೆಗೆದುಕೊಳ್ಳಲು ಜನ ಬರಲಿಲ್ಲ. ಅಕ್ಟೋಬರ್ 4ರಂದು ಕೆಂಟಕಿಯ ರಾಜಧಾನಿ ಫ್ರ್ಯಾಂಕ್‌ಫರ್ಟ್‌ನಲ್ಲಿ ರಿಚರ್ಡ್ ಹಾಸ್ ಎಂಬುವರನ್ನು ದಕ್ಷಿಣ ಪಕ್ಷದ ಗವರ್ನರ್ ಆಗಿ ಕೂರಿಸುವ ಸಮಾರಂಭ ನಡೆಸಿದರು. ಉತ್ತರದ ಫಿರಂಗಿಗಳು ಸಮೀಪಿಸಿದ್ದರಿಂದ ಹೊಸ ಗವರ್ನರ್ ಅದೇ ದಿನ ಊರು ಬಿಡಬೇಕಾಯಿತು. ನಾಲ್ಕು ದಿನಗಳಲ್ಲಿ ಪೆರಿವಿಲ್ ಕದನ ನಡೆದು ಬ್ರ್ಯಾಗ್ ಹಿಮ್ಮೆಟ್ಟಿದರು.

ಮೇರಿಲ್ಯಾಂಡಿನ ಆ ದಂಡಯಾತ್ರೆ ಸೆಪ್ಟೆಂಬರ್ 17ರ ಆಂಟಿಯೆಟಂ ಕದನದಲ್ಲಿ ನಿಂತಿತು. ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 23,000. ನಡುವೆ ಬಂದು ರಾಜಿ ಮಾಡಿಸುವ ಆಲೋಚನೆಯಲ್ಲಿದ್ದ ಬ್ರಿಟಿಷ್ ಸರ್ಕಾರ ಈ ಫಲಿತಾಂಶ ಕಂಡು ಹಿಂಜರಿಯಿತು. ಬ್ರಿಟನ್ನಿಗೆ ಹತ್ತಿ ಬೇಕಿತ್ತು, ಅಮೆರಿಕದ ಹತ್ತಿ ನಿಂತುಹೋಗಿತ್ತು. ಅದರ ಪರಿಣಾಮ ನಿಮ್ಮ ಗದಗ ಸೀಮೆಗೂ ಬಂದದ್ದು ನಿಮಗೆ ಗೊತ್ತಿರಬಹುದು: ಧಾರವಾಡ ಜಿಲ್ಲೆಯ ಕರಿಮಣ್ಣಿನಲ್ಲಿ 1840ರ ದಶಕದಿಂದ ಬೆಳೆಸುತ್ತಿದ್ದ ಅಮೆರಿಕನ್ ತಳಿಯ ಹತ್ತಿಗೆ ಈ ಯುದ್ಧದ ವರ್ಷಗಳಲ್ಲಿ ಹಿಂದೆಂದೂ ಇಲ್ಲದ ಬೆಲೆ ಬಂತು, ಅದನ್ನು ಸಾಗಿಸಲು ಕಾರವಾರದ ಬಂದರಿನ ಮಾತು ಜೋರಾಯಿತು, 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ನಾಲ್ಕು ಗಡಿ ರಾಜ್ಯಗಳಲ್ಲಿ ಒಟ್ಟು ಸುಮಾರು 4,29,000 ಗುಲಾಮರಿದ್ದರು, ಅರ್ಧಕ್ಕಿಂತ ಹೆಚ್ಚು ಕೆಂಟಕಿಯಲ್ಲಿ. ಲಿಂಕನ್ ಮೊದಲು ಹುಡುಕಿದ್ದು ಹಣ ಕೊಟ್ಟು ಬಿಡಿಸುವ ದಾರಿ. 1862ರ ಮಾರ್ಚ್‌ನಲ್ಲಿ ಸೆನೆಟರ್ ಮ್ಯಾಕ್‌ಡೂಗಲ್ ಅವರಿಗೆ ಬರೆದ ಪತ್ರದಲ್ಲಿ ಲೆಕ್ಕ ಹಾಕಿ ತೋರಿಸಿದರು. ತಲೆಗೆ 400 ಡಾಲರಿನಂತೆ ಡೆಲವೇರ್‌ನ ಎಲ್ಲ ಗುಲಾಮರಿಗೆ 7,19,200 ಡಾಲರ್, ಅದು ಯುದ್ಧದ ಅರ್ಧ ದಿನದ ಖರ್ಚಿಗಿಂತಲೂ ಕಡಿಮೆ. ನಾಲ್ಕೂ ರಾಜ್ಯಗಳು ಮತ್ತು ರಾಜಧಾನಿ ಸೇರಿ ಸುಮಾರು 17.3 ಕೋಟಿ ಡಾಲರ್, ಅಂದರೆ 87 ದಿನಗಳ ಖರ್ಚು. ಜುಲೈ 12ರಂದು ಗಡಿ ರಾಜ್ಯಗಳ ಸಂಸದರನ್ನು ಕರೆಸಿ, ಯುದ್ಧ ಮುಂದುವರಿದರೆ ಗುಲಾಮಗಿರಿ ತಾನಾಗಿ ಸವೆದುಹೋಗುತ್ತದೆ, ಆಗ ನಿಮಗೆ ಏನೂ ದಕ್ಕುವುದಿಲ್ಲ ಎಂದು ಬೇಡಿಕೊಂಡರು. ಬಹುಮತದಿಂದ ಅವರು ನಿರಾಕರಿಸಿದರು. ಆ ಭೇಟಿಯ ಮರುದಿನವೇ ಲಿಂಕನ್ ಇಬ್ಬರು ಸಚಿವರ ಮುಂದೆ ವಿಮೋಚನಾ ಘೋಷಣೆಯ ಮಾತೆತ್ತಿದರು.

ದಂಗೆಯೆದ್ದ ಪ್ರದೇಶಗಳ ಗುಲಾಮರನ್ನು ಸ್ವತಂತ್ರರೆಂದು ಸಾರಿದ 1863ರ ಜನವರಿ 1ರ ಘೋಷಣೆ ಗಡಿ ರಾಜ್ಯಗಳಿಗೆ ಅನ್ವಯಿಸದಿರಲು ಕಾನೂನಿನ ಕಾರಣವೂ ಇತ್ತು. ಅದು ಸೇನಾ ಮಹಾದಂಡನಾಯಕನಾಗಿ ಹೊರಡಿಸಿದ ಯುದ್ಧಕ್ರಮ. ದಂಗೆಯೇಳದ ರಾಜ್ಯದ ಮೇಲೆ ಆ ಅಧಿಕಾರ ಚಲಾಯಿಸಲು ಬರುತ್ತಿರಲಿಲ್ಲ, ಅದಕ್ಕೆ ಸಂವಿಧಾನ ತಿದ್ದುಪಡಿಯೇ ಬೇಕಿತ್ತು. 1861ರಲ್ಲೇ ಫ್ರೀಮಾಂಟ್ ಆಜ್ಞೆಯನ್ನು ಉಳಿಸಿಕೊಂಡಿದ್ದರೆ ಕೆಂಟಕಿ ಹೋಗುತ್ತಿತ್ತು, ಕೆಂಟಕಿ ಹೋಗಿದ್ದರೆ ಘೋಷಣೆಯನ್ನು ಜಾರಿ ಮಾಡುವ ಸೈನ್ಯ ದಕ್ಷಿಣದೊಳಗೆ ಇಳಿಯುತ್ತಿರಲಿಲ್ಲ. ಆದ್ದರಿಂದ ತಂತ್ರವಾಗಿ ಅದು ಸರಿ ಎಂದೇ ಹೇಳುತ್ತೇನೆ. ಆದರೆ ಅದರ ಬೆಲೆ ತೆತ್ತವರು ಆ ತೀರ್ಮಾನದಲ್ಲಿ ಯಾವ ಮಾತೂ ಇಲ್ಲದಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ. 1862ರ ಮಾರ್ಚ್‌ನಲ್ಲಿ ಕಾಂಗ್ರೆಸ್ ನಿಷೇಧಿಸುವವರೆಗೆ, ತಪ್ಪಿಸಿಕೊಂಡು ಒಕ್ಕೂಟದ ಶಿಬಿರಕ್ಕೆ ಬಂದವರನ್ನು ಕೆಲವು ಅಧಿಕಾರಿಗಳು ಹಿಡಿದು ‘ನಿಷ್ಠ’ ಒಡೆಯರಿಗೆ ಮರಳಿಸುತ್ತಿದ್ದರು. ಇದನ್ನು ಬಿಟ್ಟು ಲಿಂಕನ್ ಜಾಣ್ಮೆಯನ್ನಷ್ಟೇ ಹೊಗಳುವ ಪುಸ್ತಕಗಳು ನನಗೆ ಸಮಾಧಾನ ಕೊಡುವುದಿಲ್ಲ.

1864ರಲ್ಲಿ ಕೆಂಟಕಿಯ ಕಪ್ಪು ಜನರನ್ನು ಸೇನೆಗೆ ಸೇರಿಸಿಕೊಳ್ಳಲಾರಂಭಿಸಿದಾಗ ಸೇರಿದವನು ಸ್ವತಂತ್ರ, ಅವನ ಹೆಂಡತಿ ಮಕ್ಕಳು ಮಾತ್ರ ಗುಲಾಮರೇ. ಗಂಡಂದಿರ ಹಿಂದೆ ಹೊರಟ ಹೆಂಗಸರು, ಮಕ್ಕಳು ಕ್ಯಾಂಪ್ ನೆಲ್ಸನ್ ಎಂಬ ಸೇನಾ ಶಿಬಿರದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. ನವೆಂಬರ್‌ನ ಕೊರೆಯುವ ಚಳಿಯಲ್ಲಿ ಶಿಬಿರದ ಅಧಿಕಾರಿ ಸುಮಾರು 400 ಮಂದಿಯನ್ನು ಗಾಡಿಗೆ ಹತ್ತಿಸಿ ಹೊರಗಟ್ಟಿ, ಗುಡಿಸಲುಗಳನ್ನು ಕೆಡವಿಸಿದರು. 102 ಮಂದಿ ಸತ್ತರು. ಜೋಸೆಫ್ ಮಿಲ್ಲರ್ ಎಂಬ ಕಪ್ಪು ಸೈನಿಕ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ದಾಖಲೆಯಲ್ಲಿ ಉಳಿದಿದೆ. ಅವರ ಏಳು ವರ್ಷದ ಮಗ ಕಾಯಿಲೆಯಲ್ಲಿದ್ದ, ಹೊರಗೆ ಒಯ್ದರೆ ಸಾಯುತ್ತಾನೆ ಎಂದು ಬೇಡಿದರೂ ಕಾವಲುಗಾರ ಕೇಳಲಿಲ್ಲ. ರಾತ್ರಿ ನಡೆದುಹೋಗಿ ಆರು ಮೈಲಿಯಾಚೆ ಸಂಸಾರವನ್ನು ಹುಡುಕಿದಾಗ ಮಗ ಸತ್ತಿದ್ದ. ಕರ್ತವ್ಯಕ್ಕಾಗಿ ರಾತ್ರಿಯೇ ಶಿಬಿರಕ್ಕೆ ಮರಳಿ, ಬೆಳಗ್ಗೆ ಮತ್ತೆ ನಡೆದುಹೋಗಿ ತಾವೇ ಗುಂಡಿ ತೋಡಿ ಮಗನನ್ನು ಹೂಳಿದರು. ಇಂಥ ಹೇಳಿಕೆಗಳು ಪತ್ರಿಕೆಗಳಲ್ಲೂ ವಾಷಿಂಗ್ಟನ್ನಿನಲ್ಲೂ ಕೋಲಾಹಲ ಎಬ್ಬಿಸಿದವು. 1865ರ ಮಾರ್ಚ್ 3ರಂದು ಕಾಂಗ್ರೆಸ್, ಸೇನೆಗೆ ಸೇರಿದವರ ಹೆಂಡತಿ ಮಕ್ಕಳೂ ಸ್ವತಂತ್ರರು ಎಂದು ಕಾನೂನು ಮಾಡಿತು. ಅದರಿಂದ ಕೆಂಟಕಿಯ ಗುಲಾಮಗಿರಿ ಒಳಗಿನಿಂದ ಕುಸಿಯತೊಡಗಿತು, ಏಕೆಂದರೆ ಆ ರಾಜ್ಯದಿಂದ ಸೇನೆ ಸೇರಿದ ಕಪ್ಪು ಸೈನಿಕರು 23,000ಕ್ಕೂ ಹೆಚ್ಚು, ಲೂಯಿಸಿಯಾನಾ ಬಿಟ್ಟರೆ ಬೇರಾವ ರಾಜ್ಯಕ್ಕಿಂತಲೂ ಜಾಸ್ತಿ.

ಮೇರಿಲ್ಯಾಂಡ್ 1864ರ ನವೆಂಬರ್ 1ರಂದು ತನ್ನದೇ ಹೊಸ ಸಂವಿಧಾನದಿಂದ ಗುಲಾಮಗಿರಿಯನ್ನು ಕೊನೆಗಾಣಿಸಿತು. ಆ ಸಂವಿಧಾನ ಗೆದ್ದದ್ದು 375 ಮತಗಳ ಅಂತರದಲ್ಲಿ, ಅದೂ ದಂಡಿನಲ್ಲಿದ್ದ ಸೈನಿಕರ ಮತಗಳನ್ನು ಎಣಿಸಿದ ಮೇಲೆ. ಮಿಸೌರಿ 1865ರ ಜನವರಿಯಲ್ಲಿ ಅದೇ ದಾರಿ ಹಿಡಿಯಿತು. ಕೆಂಟಕಿ ಮತ್ತು ಡೆಲವೇರ್ ಶಾಸನಸಭೆಗಳು ಇಡೀ ದೇಶದಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಸಂವಿಧಾನದ ಹದಿಮೂರನೆಯ ತಿದ್ದುಪಡಿಯನ್ನು ತಿರಸ್ಕರಿಸಿದವು. ಅಲ್ಲಿ ಉಳಿದಿದ್ದ ಗುಲಾಮರು ಬಿಡುಗಡೆಯಾದದ್ದು ಯುದ್ಧ ಮುಗಿದು ತಿಂಗಳುಗಳು ಕಳೆದ ಮೇಲೆ, 1865ರ ಡಿಸೆಂಬರ್‌ನಲ್ಲಿ, ಬೇರೆ ರಾಜ್ಯಗಳ ಅನುಮೋದನೆಯಿಂದ.